ಹಂಡೆಯಲ್ಲಿ ಬೆಂದ ಪ್ಲೈವುಡ್ ಚೂರು

ಕುಣಿಗಲ್ ದೊಡ್ಡಕೆರೆಯ ಏರಿಯ ಕೆಳಗೆ ಇನ್ನೂ ಮಬ್ಬುಗತ್ತಲು. ಬೆಟ್ಟಸ್ವಾಮಿಯವರ ಬಚ್ಚಲುಮನೆಯಲ್ಲಿ ಮಾತ್ರ ಬೆಂಕಿಯ ಬೆಳಕಿದೆ. ಹಂಡೆಯೊಲೆಗೆ ಅವರು ಒಣಗಿದ ತೆಂಗಿನಗರಿ ತುರುಕುತ್ತಿದ್ದಾರೆ. ನೀರು ಕೊತಕೊತ ಕುದಿಯುತ್ತಿದೆ. ಸ್ನಾನಕ್ಕೆ ಇರಬೇಕು ಅಂದುಕೊಂಡು ಬಗ್ಗಿ ನೋಡಿದರೆ, ಒಳಗೆ ಬೇಯುತ್ತಿರುವುದು ಅಂಗೈಯಗಲದ ಒಂದು ಪ್ಲೈವುಡ್ ಚೂರು.

ಇಕ್ಕಳದಲ್ಲಿ ಅದನ್ನು ಎತ್ತಿ ಬಟ್ಟೆ ಒಗೆಯುವ ಕಲ್ಲಿನ ಮೇಲಿಡುತ್ತಾರೆ. ಆರಲು ಬಿಡುವಷ್ಟು ತಾಳ್ಮೆ ಇವತ್ತು ಅವರಿಗಿಲ್ಲ. ಊದಿ ಊದಿ ಹಿಡಿದು, ಉಳಿಯ ಬಾಯನ್ನು ಎರಡು ಪದರಗಳ ನಡುವೆ ಇಟ್ಟು ಒತ್ತುತ್ತಾರೆ. ಬಿಡುವುದಿಲ್ಲ. ಮಗ್ಗುಲು ತಿರುಗಿಸಿ ಮತ್ತೆ ಒತ್ತುತ್ತಾರೆ. ಮರ ಸಿಬಿರಾಗಿ ಏಳುತ್ತದೆಯೇ ಹೊರತು ಅಂಟು ಜಗ್ಗುವುದಿಲ್ಲ. "ಗಟ್ಟಿಯಾಗೈತೆ" ಎಂದು ತಮಗೆ ತಾವೇ ಹೇಳಿಕೊಂಡು, ಚೂರನ್ನು ಪುನಃ ಹಂಡೆಯೊಳಗೆ ಬಿಡುತ್ತಾರೆ.

"ಬೆಂದಿದ್ದನ್ನೇ ಇನ್ನೆಷ್ಟು ಬೇಯಿಸ್ತೀರ? ಬೇಳೆ ಆಗಿದ್ರೆ ಇಷ್ಟೊತ್ತಿಗೆ ಊರಿಗೆಲ್ಲ ಸಾರು ಆಗೋಗಿರೋದು" ಎನ್ನುತ್ತಾ ಬಾಗಿಲಲ್ಲಿ ನಿಲ್ಲುತ್ತಾರೆ ಅವರ ಹೆಂಡತಿ ಚೆನ್ನಮ್ಮ. ಪುರವಣಿಗೆ ಬರೆಯಲು ಬಂದಿರುವ ನನ್ನ ಕೈಗೆ ಕಾಫಿ ಲೋಟ ಕೊಟ್ಟು, "ರಾತ್ರಿ ನಿದ್ದೆ ಮಾಡಿಲ್ಲ ಕಣವ್ವ ಇವ್ರು. ಹೊರಳಾಡಿದ್ದೇ ಹೊರಳಾಡಿದ್ದು" ಎಂದು ದೂರು ಹೇಳುತ್ತಾರೆ.

ನಿದ್ದೆ ಬರದಿರಲು ಕಾರಣವಿದೆ. ಬೆಳಕು ಹರಿದ ಮೇಲೆ ತಿಪ್ಪಯ್ಯನವರ ದೋಣಿ ನೀರಿಗಿಳಿಯಬೇಕು. ತಿಪ್ಪಯ್ಯ ಈ ಕೆರೆಯಲ್ಲಿ ಮೀನು ಹಿಡಿಯುವವರು, ಬೆಟ್ಟಸ್ವಾಮಿಯವರ ಚಿಕ್ಕಂದಿನ ಜೊತೆಗಾರ. ಕಳೆದ ವರ್ಷ ಇದೇ ದೋಣಿ ನಡುಗೆರೆಯಲ್ಲಿ ತಳ ಬಿಚ್ಚಿಕೊಂಡು ಮುಳುಗಿತ್ತು. ಆ ತಳಕ್ಕೆ ಪ್ಲೈವುಡ್ ಆರಿಸಿದ್ದು, ಕೂರಿಸಿದ್ದು ಎರಡೂ ಬೆಟ್ಟಸ್ವಾಮಿಯವರೇ. ಹೊಸ ತಳವೂ ಅವರದೇ, ಹಂಡೆಯಲ್ಲಿ ಮತ್ತೆ ಬೇಯುತ್ತಿರುವುದು ಆ ಶೀಟಿನದೇ ಚೂರು. ತಿಪ್ಪಯ್ಯ ಅದರೊಳಗೆ ಕಾಲಿಡುತ್ತಾರೋ ಇಲ್ಲವೋ ಇನ್ನೂ ಯಾರಿಗೂ ಗೊತ್ತಿಲ್ಲ. ಅವರಂತೂ ಬಾಯಿ ಬಿಟ್ಟಿಲ್ಲ.

ಗುಬ್ಬಿ, ಕುಣಿಗಲ್ ಕಡೆಯ ಕೆರೆಗಳಲ್ಲಿ ತೆಪ್ಪಗಳ ಜೊತೆ ಅಲ್ಲೊಂದು ಇಲ್ಲೊಂದು ಪ್ಲೈವುಡ್ ದೋಣಿಗಳಿವೆ. ಸಮುದ್ರ ನೋಡದ ಊರಿನಲ್ಲಿ ದೋಣಿ ರಿಪೇರಿಯವರನ್ನು ಯಾರು ಹುಡುಕುತ್ತಾರೆ? ಸೋಫಾ ಮಾಡುವವರು ಗಲ್ಲಿಗೊಬ್ಬರು ಸಿಗುತ್ತಾರೆ, ದೋಣಿಯ ತಳ ಹಾಕುವವರು ಸಿಗುವುದಿಲ್ಲ. ಹಾಗಾಗಿ ತಳ ಸೋರಿದವರೆಲ್ಲ ಬೆಟ್ಟಸ್ವಾಮಿಯವರ ಫೋನಿಗೆ ಬೀಳುತ್ತಾರೆ. ಉಳಿದ ದಿನಗಳಲ್ಲಿ ಅವರೂ ಬಾಗಿಲು, ಕಿಟಕಿ, ಮಂಚ ಎಂದು ಓಡಾಡುವವರೇ.

ದೋಣಿ ಕೆಲಸ ಇವರ ಕೈಗೆ ಬಂದದ್ದು ಅಡ್ಡದಾರಿಯಲ್ಲಿ. ಹರೆಯದಲ್ಲಿ ಅಂತರಸನಹಳ್ಳಿಯ ಒಂದು ಪ್ಲೈವುಡ್ ಫ್ಯಾಕ್ಟರಿಯಲ್ಲಿ ಪ್ರೆಸ್ ಮೆಷಿನ್ ಮುಂದೆ ನಿಂತಿದ್ದವರು. ಮರದ ತೆಳು ಪದರಗಳಿಗೆ ಅಂಟು ಬಳಿದು, ಒಂದನ್ನು ಉದ್ದಕ್ಕೆ ಇನ್ನೊಂದನ್ನು ಅಡ್ಡಕ್ಕೆ ಜೋಡಿಸಿ, ಬಿಸಿಯಲ್ಲಿ ಒತ್ತುವ ಕೆಲಸ. ಎಡಗೈ ಕಿರುಬೆರಳ ತುದಿ ಅಲ್ಲೇ ಹೋಗಿದೆ. ಫ್ಯಾಕ್ಟರಿ ಮುಚ್ಚಿದ ಮೇಲೆ ಊರಿಗೆ ಬಂದು ಬಡಗಿಯಾದರು. ಒಂದು ದಿನ ತಿಪ್ಪಯ್ಯ ತೂತು ಬಿದ್ದ ದೋಣಿಯನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದು ಇವರ ಬಾಗಿಲಿಗೆ ಇಳಿಸಿದರಂತೆ.

"ನಂಗೆ ದೋಣಿ ಗೀಣಿ ಗೊತ್ತಿಲ್ಲ ಕಣ್ಲಾ ಅಂದೆ. ಪ್ಲೈವುಡ್ ಫ್ಯಾಕ್ಟ್ರೀಲಿ ಇದ್ದೋನಲ್ವೇನ್ಲಾ, ಇದೂ ಪ್ಲೈವುಡ್ಡೇ, ಮಾಡು ಅಂದ. ಅವ್ನು ಅಂಗೆ ಗಂಟು ಬಿದ್ದಿದ್ದಕ್ಕೆ ಕಲ್ತೆ" ಎಂದು ಬೆಟ್ಟಸ್ವಾಮಿ ನಗುತ್ತಾರೆ.

ಈ ಕೆಲಸದಲ್ಲಿ ಮೊಳೆ ಹೊಡೆಯುವುದು ಕಷ್ಟವಲ್ಲ, ಶೀಟು ಆರಿಸುವುದೇ ಕಷ್ಟ ಎನ್ನುತ್ತಾರೆ. "ಅಂಗಡಿಗೋಗಿ ವಾಟರ್‌ಪ್ರೂಫ್ ಕೊಡಿ ಅಂದ್ರೆ ಯಾವ್ದು ಬೇಕಾದ್ರೂ ಕೊಡ್ತಾರೆ ಮೇಡಂ. ಅಡುಗೆಮನೆ ಕಬೋರ್ಡ್‌ಗೂ ಅದೇ ಮಾತು, ದೋಣಿಗೂ ಅದೇ ಮಾತು. ಕಬೋರ್ಡ್ ಮೇಲೆ ನೀರು ಚೆಲ್ಲುತ್ತೆ, ಒರೆಸ್ತೀವಿ. ದೋಣಿ ನೀರಲ್ಲೇ ಸಂಸಾರ ಮಾಡ್ಬೇಕು." ಅದಕ್ಕೇ ಅವರು 'ಸೆವೆನ್ ಟೆನ್' ಎಂದು ಕೇಳುತ್ತಾರೆ. ನೀರಿನಲ್ಲೇ ಇರುವ ಕೆಲಸಕ್ಕೆ ಮಾಡಿದ ಮೆರೀನ್ ಪ್ಲೈವುಡ್ಡಿಗೆ ಬಡಗಿಗಳ ಬಾಯಲ್ಲಿ ಅದೇ ಹೆಸರು, ಶೀಟಿನ ಮೇಲೆ ಒತ್ತಿರುವ ನಂಬರಿನಿಂದ ಬಂದದ್ದು.

ನಂಬರ್ ನೋಡಿದ ಮೇಲೆ ಅಂಚು ನೋಡುತ್ತಾರೆ. ಪದರಗಳ ನಡುವಿನ ಅಂಟಿನ ಗೆರೆ ಕಂದು ಬಣ್ಣದ್ದಾಗಿರಬೇಕು, ಬೆಳ್ಳಗಿದ್ದರೆ ಅನುಮಾನ. ಆಮೇಲೆ ಗೆಣ್ಣಿನಿಂದ ತಟ್ಟುತ್ತಾ ಹೋಗುತ್ತಾರೆ. ಒಳಗೆ ಗ್ಯಾಪ್ ಇದ್ದ ಕಡೆ ಸದ್ದು ಪೊಳ್ಳಾಗುತ್ತದೆ, ನೀರು ಹೊಕ್ಕರೆ ಅಲ್ಲೇ ಮನೆ ಮಾಡುತ್ತದೆ. ಇಷ್ಟೆಲ್ಲ ಆದ ಮೇಲೂ ಒಂದು ಚೂರನ್ನು ತಂದು ಹಂಡೆಯಲ್ಲಿ ಬೇಯಿಸುತ್ತಾರೆ. ಮೂರು ದಿನ ಬೆಂದೂ ಪದರ ಬಿಡದಿದ್ದರೆ ಪಾಸು. ಮನೆಗೆ ಸೋಲಾರ್ ಬಂದ ಮೇಲೆ ಚೆನ್ನಮ್ಮ ಈ ತಾಮ್ರದ ಹಂಡೆಯನ್ನು ಪಾತ್ರೆಯವನಿಗೆ ಹಾಕಬೇಕೆಂದಿದ್ದರಂತೆ. ಪ್ಲೈವುಡ್ಡು ಅದನ್ನು ಉಳಿಸಿತು. "ಮೋಡ ಇದ್ದ ದಿನ ಸೋಲಾರ್‌ನಲ್ಲಿ ಬಿಸಿನೀರು ಬರಲ್ಲ, ಆಗ ಇದೇ ನೀರು. ಈಗ ನಮ್ಮನೆಯೋರೆಲ್ಲ ವಾಟರ್‌ಪ್ರೂಫ್ ಆಗೋಗಿದೀವಿ" ಎನ್ನುತ್ತಾರೆ ಅವರು.

ಇಷ್ಟೊಂದು ಹುಷಾರಿನ ಮನುಷ್ಯ ಎಡವಿದ್ದೆಲ್ಲಿ? ಅವರೇ ಹೇಳಿದರು.

"ಬೇಯಿಸಿದ್ನಲ್ಲ, ಆವತ್ತೂ ಬೇಯಿಸಿದ್ದೆ. ಅಂಗಡಿಯೋರು ಸ್ಯಾಂಪಲ್ ಅಂತ ಒಂದು ಚೂರು ಕೊಟ್ರು. ಕಲ್ಲು ಇದ್ದಂಗಿತ್ತು, ಪಾಸಾಯ್ತು. ಫೋನ್ ಮಾಡಿ ಶೀಟು ಕಳ್ಸಿ ಅಂದೆ. ಟೆಂಪೋದಲ್ಲಿ ಬಂತು, ಮೇಲೆ ನಂಬರ್ ಇತ್ತು, ಕೂರ್ಸಿದೆ. ಹೆಣ್ಣು ಅಂತ ತೋರ್ಸಿದ್ದು ಒಬ್ಳನ್ನ, ಹಸೆಮಣೆ ಮೇಲೆ ಕೂರ್ಸಿದ್ದು ಇನ್ನೊಬ್ಳನ್ನ."

"ನಿಮಗೆ ಅಂಗಾಗಿರ್ಲಿಲ್ಲ, ಸುಮ್ನಿರಿ" ಎಂದು ಒಳಗಿನಿಂದ ಚೆನ್ನಮ್ಮನವರ ದನಿ ಕೇಳುತ್ತದೆ.

ನಗು ಅಲ್ಲಿಗೇ ನಿಲ್ಲುತ್ತದೆ. ಕೆರೆ ತುಂಬಿ ಕೋಡಿ ಹರಿಯುತ್ತಿದ್ದ ಕಾಲ. ಬೆಳಿಗ್ಗೆ ಬಲೆ ಎತ್ತಲು ಹೋದ ತಿಪ್ಪಯ್ಯನವರ ಕಾಲ ಕೆಳಗೆ ತಳ ಪದರಪದರವಾಗಿ ಎದ್ದು ಬಂದಿದೆ. ಮೊದಲೇ ಸ್ಕೂಟರಿನಿಂದ ಬಿದ್ದು ಒಂದು ಕಾಲು ಸೋತಿರುವವರು, ಈಜಲು ಆಗುತ್ತಿರಲಿಲ್ಲ. ಬಲೆಗೆ ಕಟ್ಟಿದ್ದ ಖಾಲಿ ಎಣ್ಣೆ ಕ್ಯಾನುಗಳನ್ನು ತಬ್ಬಿಕೊಂಡು ತೇಲಿದರು. ಬೇರೆಯವರ ತೆಪ್ಪ ಬಂದು ಎಳೆದು ತಂದಿತು.

ಬೆಟ್ಟಸ್ವಾಮಿ ಒಡೆದ ತಳದ ಒಂದು ತುಂಡನ್ನು ಮನೆಗೆ ತಂದು ಹಂಡೆಗೆ ಹಾಕಿದರು. ಒಳಗೆ ಚೆನ್ನಮ್ಮ ಮುದ್ದೆ ಕೂಡಿಸಿ ಇಳಿಸುವುದರೊಳಗೆ ಅದು ಪುಸ್ತಕದ ಹಾಳೆಯಂತೆ ಬಿಚ್ಚಿಕೊಂಡಿತ್ತು. ಮೊದಲಿನ ಸ್ಯಾಂಪಲ್ ಚೂರು ಕಿಟಕಿಯ ಮೇಲೆ ಹಾಗೇ ಗಟ್ಟಿಯಾಗಿ ಕೂತಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗಲೇ ಎಲ್ಲ ಹೊಳೆದದ್ದು.

"ತಿಪ್ಪ ನನ್ನ ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ದಿನಾ ಏರಿ ಮೇಲೆ ಕೂತ್ಕೊಂಡು ಬೇರೆಯೋರ ಬಲೆ ಬಿಡಿಸ್ಕೊಡೋನು. ಆ ಕಡೆ ಹೋಗೋಕೇ ನಂಗೆ ಸಂಕ್ಟ ಆಗೋದು" ಎನ್ನುವಾಗ ಅವರ ಕಣ್ಣು ಒಲೆಯ ಕಡೆಗಿದೆ.

ತಿಂಗಳುಗಟ್ಟಲೆ ಅವರು ದೋಣಿ ಮುಟ್ಟಲಿಲ್ಲ. ಗುಬ್ಬಿಯಿಂದ ಬಂದವರನ್ನೂ ವಾಪಸು ಕಳಿಸಿದರು. ಕೊನೆಗೆ ಒಂದು ಉಪಾಯ ಹೊಳೆಯಿತು. ಈಗ ಅವರು ಸ್ಯಾಂಪಲ್ ಮುಟ್ಟುವುದಿಲ್ಲ. ತುಮಕೂರಿನ ಗೋಡೌನಿಗೆ ತಾವೇ ಹೋಗಿ ಶೀಟು ಆರಿಸಿ, ಅದರದೇ ಒಂದು ಮೂಲೆಯನ್ನು ಅಲ್ಲೇ ಕೊಯ್ದುಕೊಳ್ಳುತ್ತಾರೆ. ಅದೂ ಹಾವು ಹರಿದ ಹಾಗೆ, ಬೇಕಂತಲೇ ಸೊಟ್ಟಗೆ. ಚೂರು ಬೆಂದು ಪಾಸಾದ ಮೇಲೆ ಅದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಶೀಟಿನ ಮೂಲೆಗೆ ಹಿಡಿದು ನೋಡುತ್ತಾರೆ. ಸೊಟ್ಟಕ್ಕೆ ಸೊಟ್ಟ ಕೂತರೆ ಮಾತ್ರ ಅದೇ ಶೀಟು.

"ನೇರ ಕೊಯ್ಯೋದು ಕಲಿಯೋ ಅಂತ ಮೇಸ್ತ್ರಿಗಳ ಕೈಲಿ ತಲೆ ಮೇಲೆ ಮೊಟಕಿಸ್ಕೊಂಡು ಕಲ್ತಿದ್ದು. ಈಗ ನೋಡಿ, ಸೊಟ್ಟ ಕೊಯ್ಯೋದೇ ಕೆಲ್ಸ" ಎನ್ನುತ್ತಾರೆ ಬೆಟ್ಟಸ್ವಾಮಿ. ಮೂಲೆ ಕೊಯ್ಯಲು ಒಪ್ಪುವ ಅಂಗಡಿ ಸಿಗುವುದೇ ಕಷ್ಟವಾಗಿತ್ತು. ಒಪ್ಪಿದವರು ನಾಗಭೂಷಣ್ ಎಂಬ ವ್ಯಾಪಾರಿ. ಫೋನಿನಲ್ಲಿ ಮಾತಾಡಿಸಿದರೆ, "ಮೊದಲ ದಿನ ಇವರಿಗೆ ತಲೆ ಸರಿ ಇಲ್ಲ ಅಂದ್ಕೊಂಡೆ ಮೇಡಂ. ದೋಣಿ ಕತೆ ಹೇಳಿದ್ರು. ಆಮೇಲೆ ಗರಗಸ ನಾನೇ ತಂದುಕೊಟ್ಟೆ" ಎಂದರು. ಫೇಲಾದ ಶೀಟುಗಳೂ ದಂಡವಾಗುವುದಿಲ್ಲ. ಬೆಟ್ಟಸ್ವಾಮಿಯವರ ಬೀದಿಯಲ್ಲಿ ಮೂಲೆ ಸೊಟ್ಟಗಿರುವ ಕೋಳಿಗೂಡು, ಮೂಲೆ ಸೊಟ್ಟಗಿರುವ ಟಿವಿ ಸ್ಟ್ಯಾಂಡು ಕಂಡರೆ ಅವೆಲ್ಲ ಹಂಡೆಯಲ್ಲಿ ಸೋತವು.

ಬಿಸಿಲು ಏರಿಯ ಮೇಲೆ ಬರುವ ಹೊತ್ತಿಗೆ ದೋಣಿ ದಡದಲ್ಲಿದೆ. ಹೊಸ ತಳ, ಅಂಚಿಗೆಲ್ಲ ನೀರು ಹೊಗದಂತೆ ಬಳಿದ ದಪ್ಪನೆ ರೆಸಿನ್ ಅಂಟು. ತಿಪ್ಪಯ್ಯ ಸ್ವಲ್ಪ ದೂರದಲ್ಲಿ ಕಲ್ಲಿನ ಮೇಲೆ ಕೂತು ಬೀಡಿ ಸೇದುತ್ತಿದ್ದಾರೆ, ಈ ಕಡೆ ನೋಡುತ್ತಿಲ್ಲ. ಚೆನ್ನಮ್ಮ ಮೊರದಲ್ಲಿ ತಂದ ರಾಗಿಹಿಟ್ಟನ್ನು ದೋಣಿಯೊಳಗೆ, ಹಲಗೆ ಸೇರುವ ಸಂದಿಗಳ ಉದ್ದಕ್ಕೂ ರಂಗೋಲಿ ಎಳೆಯುವಂತೆ ಉದುರಿಸುತ್ತಾರೆ. ಎಲ್ಲಾದರೂ ನೀರು ಒಸರಿದರೆ ಒಣಹಿಟ್ಟು ಅಲ್ಲಿ ಕಪ್ಪಗೆ ಮೆತ್ತಿಕೊಂಡು ಜಾಗ ತೋರಿಸುತ್ತದೆ. ಇದು ಚೆನ್ನಮ್ಮನವರದೇ ಯೋಚನೆ. ಹೊಸ ಡಬ್ಬಿ ಸೋರುತ್ತದೋ ಇಲ್ಲವೋ ಎಂದು ಅವರು ನೋಡುವುದು ಹೀಗೇ ಅಂತೆ.

ದೋಣಿ ನೀರಿಗಿಳಿಯುತ್ತದೆ. ಮೊದಲು ಹತ್ತಿ ಕೂರುವುದು ಬೆಟ್ಟಸ್ವಾಮಿ. ಇವರಿಗೂ ಈಜು ಬರುವುದಿಲ್ಲ ಎಂದು ಚೆನ್ನಮ್ಮ ನನ್ನ ಕಿವಿಯಲ್ಲಿ ಹೇಳುತ್ತಾರೆ. ಇನ್ನೊಬ್ಬ ಮೀನುಗಾರ ಹುಟ್ಟು ಹಾಕುತ್ತಾನೆ. ದೋಣಿ ಕಳೆದ ವರ್ಷ ಮುಳುಗಿದ ಜಾಗದವರೆಗೂ ಹೋಗಿ, ಅಲ್ಲೇ ಸುಮ್ಮನೆ ನಿಲ್ಲುತ್ತದೆ. ಸೆರಗನ್ನು ಬಾಯಿಗೆ ಒತ್ತಿಕೊಂಡ ಚೆನ್ನಮ್ಮನವರು ಅದನ್ನು ತೆಗೆಯುವುದು ದೋಣಿ ತಿರುಗಿ ಬರುವಾಗಲೇ.

ದೋಣಿ ದಡ ಮುಟ್ಟುತ್ತದೆ, ಹುಟ್ಟು ಹಾಕಿದವನು ಇಳಿಯುತ್ತಾನೆ. ತಿಪ್ಪಯ್ಯ ಬೀಡಿ ಎಸೆದು, ಸೋತ ಕಾಲನ್ನು ಎಳೆಯುತ್ತಾ ನೀರಿಗಿಳಿದು ಬರುತ್ತಾರೆ. ದೋಣಿಯ ಅಂಚು ಹಿಡಿದು ಒಳಗೆ ಬಗ್ಗುತ್ತಾರೆ. ಈ ತುದಿಯಿಂದ ಆ ತುದಿಯವರೆಗೂ ಹಿಟ್ಟಿನ ಗೆರೆ ನೋಡುತ್ತಾರೆ. ಬೆಟ್ಟಸ್ವಾಮಿ ಇನ್ನೂ ದೋಣಿಯಲ್ಲೇ ಕೂತಿದ್ದಾರೆ. ತಿಪ್ಪಯ್ಯ ಇನ್ನಷ್ಟು ಬಗ್ಗಿ, ಹಿಟ್ಟಿನ ಮೇಲೆ ಜೋರಾಗಿ ಊದುತ್ತಾರೆ. ಹಿಟ್ಟು ಬುಸ್ಸೆಂದು ಎದ್ದು ಬೆಟ್ಟಸ್ವಾಮಿಯವರ ಮೀಸೆಯ ಮೇಲೆಲ್ಲ ಕೂರುತ್ತದೆ.

"ಏನ್ಲಾ, ಇನ್ನೂ ಅಲ್ಲೇ ಕೂತಿದೀಯ? ಇಳಿ ಕೆಳಕ್ಕೆ" ಎನ್ನುತ್ತಾರೆ ತಿಪ್ಪಯ್ಯ. "ಅದು ನಾನು ಕೂರೋ ಜಾಗ ಕಣ್ಲಾ."

ಬೆಟ್ಟಸ್ವಾಮಿ ಅವಸರದಲ್ಲಿ ಇಳಿದು ಮೊಣಕಾಲುದ್ದ ನೀರಿನಲ್ಲಿ ನಿಲ್ಲುತ್ತಾರೆ. ಗೆಳೆಯನ ಸೋತ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ದೋಣಿಯೊಳಗೆ ಇಡುತ್ತಾರೆ. ತಿಪ್ಪಯ್ಯ ಹುಟ್ಟು ತಗೊಂಡು ಹಿಂದೆ ತಿರುಗಿ ನೋಡದೆ ಹೊರಡುತ್ತಾರೆ. ದೋಣಿ ಚಿಕ್ಕದಾಗುವವರೆಗೂ ನೋಡುತ್ತಾ ನಿಂತ ಬೆಟ್ಟಸ್ವಾಮಿ ಮುಖ ಒರೆಸಿಕೊಳ್ಳುತ್ತಾರೆ. ಹಿಟ್ಟಿನ ಜೊತೆ ಕಣ್ಣೀರೂ ಬರುತ್ತದೆ, ಅದನ್ನು ಅವರು ಮುಚ್ಚಿಡುವುದಿಲ್ಲ.

ಪುರವಣಿಯವರು ಕೊನೆಗೆ ಕೇಳಲೇಬೇಕಾದ ಪ್ರಶ್ನೆ ಒಂದಿದೆಯಲ್ಲ, ಅದನ್ನು ಕೇಳಿದೆ. ಇನ್ನೇನು ಆಸೆ ಇದೆ ನಿಮಗೆ?

ಅವರು ಹೆಂಡತಿಯ ಕಡೆ ತಿರುಗುತ್ತಾರೆ. "ಹಂಡೆಯಿಂದ ಆ ಚೂರು ತೆಗೆದು ಬಿಸಾಕು ಕಣೇ. ಒಳ್ಳೇ ನೀರು ಕಾಯಿಸು. ಇವತ್ತು ತಲೆಗೆ ಎಣ್ಣೆ ಹಚ್ಚಿ ಸ್ನಾನ ಮಾಡಿ ಮಲಗ್ತೀನಿ."