ಒದ್ದೆ ಕೈಯವರ ಫೋನು ಹಿಡಿಯುವ ಮಾಲ್‌ಸುನ್

ಬೆಳಗಿನ ಐದೂವರೆ. ದಕ್ಷಿಣ ಕೊರಿಯಾದ ಮಾಸಾನ್ ಬಂದರಿನ ಮೀನು ಪೇಟೆಯಲ್ಲಿ ಹರಾಜಿನ ಗಂಟೆ ಇನ್ನೂ ಬಾರಿಸಿಲ್ಲ. ಪ್ಯೋ ಮಾಲ್‌ಸುನ್ ಅವರ ಕಾಫಿ ಗಾಡಿಯಲ್ಲಿ ಮಾತ್ರ ಆಗಲೇ ಗಂಟೆ ಶುರುವಾಗಿದೆ. ಬಿಸಿನೀರಿನ ಎರಡು ದೊಡ್ಡ ಫ್ಲಾಸ್ಕು, ಕಾಗದದ ಲೋಟಗಳ ಗೋಪುರ, ಶುಂಠಿ ಟೀ ಪುಡಿಯ ಪೊಟ್ಟಣ, ಇವುಗಳ ಪಕ್ಕದಲ್ಲಿ ಕಿಮ್ಚಿ ಉಪ್ಪಿನಕಾಯಿ ಹಾಕಿಡುವ ಪ್ಲಾಸ್ಟಿಕ್ ಡಬ್ಬಿ. ಡಬ್ಬಿಯಲ್ಲಿ ಏಳು ಮೊಬೈಲು, ಒಂದೊಂದರ ಬೆನ್ನಿಗೂ ಹೆಸರಿನ ಚೀಟಿ. ಜೀವಂತ ಏಡಿ ತುಂಬಿದ ಬುಟ್ಟಿಯ ಹಾಗೆ ಅದು ಗುರ್ ಗುರ್ ಎಂದು ಅದುರುತ್ತಿದೆ.

ಒಂದು ಕೈಯಲ್ಲಿ ಕಾಫಿ ಕಲಕುತ್ತ, ಇನ್ನೊಂದು ಕೈಯಲ್ಲಿ ಅದುರುವ ಫೋನನ್ನು ಹೆಕ್ಕಿ ಕಿವಿಗಿಟ್ಟುಕೊಳ್ಳುತ್ತಾರೆ ಮಾಲ್‌ಸುನ್. ಆ ಕಡೆಯಿಂದ ಬೈಗುಳ ಸುರಿಯುತ್ತದೆ. ಇವರು ಲೋಟದ ತಳದಲ್ಲಿ ಸಕ್ಕರೆ ಕರಗಿದೆಯೇ ಎಂದು ಬಗ್ಗಿ ನೋಡುತ್ತಾರೆ.

"ಇನ್ನೂ ಐದೂವರೆ ಕಣಪ್ಪಾ. ಎಂಟಕ್ಕೆ ಮುಂಚೆ ಸಾಲ ವಸೂಲಿಗೆ ಫೋನ್ ಮಾಡ್ಬಾರ್ದು ಅಂತ ಕಾನೂನಿದೆ. ಹಲ್ಲುಜ್ಜಿದ್ಯಾ? ಹೋಗು, ಮೊದ್ಲು ಬಾಯಿ ತೊಳ್ಕೊಂಡ್ ಬಾ. ಇಂಥಾ ಮಾತಾಡಿದ್ಮೇಲೆ ಎರಡು ಸಲ ತೊಳೀಬೇಕು."

ಫೋನು ಡಬ್ಬಿಗೆ ಹೋಗುತ್ತದೆ. ಕಿವಿಯ ಸಂದಿನಿಂದ ಪೆನ್ಸಿಲ್ ಕೆಳಗಿಳಿಯುತ್ತದೆ. ನೋಟ್‌ಬುಕ್ಕಿನಲ್ಲಿ ಒಂದು ಸಾಲು: ‘5.34. ಕೆಮ್ಮಣ್ಣ. ಸೀಳ್ತೀನಿ ಅಂದ. ಎರಡು ಸಲ.’

ಅರವತ್ಮೂರರ ಮಾಲ್‌ಸುನ್ ಮನೆಯ ಐದನೇ ಹೆಣ್ಣು. ಹೆಸರಿನ ಅರ್ಥವೇ ಅದು: ಇದೇ ಕೊನೆ, ಇನ್ನು ಸಾಕು. "ನಮ್ಮಪ್ಪ ದೇವ್ರಿಗೆ ಕಳಿಸಿದ ನೋಟೀಸು ನಾನು," ಎಂದು ನಗುತ್ತಾರೆ. ಈ ಪೇಟೆಯಲ್ಲಿ ಗಾಡಿ ತಳ್ಳಲು ಶುರುಮಾಡಿ ಇಪ್ಪತ್ತೆರಡು ವರ್ಷ. ದಿನಕ್ಕೆ ನೂರ ನಲವತ್ತು ಲೋಟ ಕಾಫಿ, ಲೋಟಕ್ಕೆ ಸಾವಿರ ವಾನ್. ಅದು ಹೊಟ್ಟೆಪಾಡು. ದಿನಕ್ಕೆ ಅರವತ್ತರಿಂದ ತೊಂಬತ್ತು ಬೈಗುಳದ ಕರೆ. ಅದಕ್ಕೆ ಯಾರೂ ಏನೂ ಕೊಡುವುದಿಲ್ಲ.

ಈ ಎರಡನೆಯ ಕೆಲಸ ಹುಟ್ಟಿದ್ದು ರಬ್ಬರ್ ಗವಸಿನಿಂದ. ಮೀನು ಸೀಳುವ ಕಟ್ಟೆಯ ಹೆಂಗಸರ ಕೈ ಮೊಣಕೈವರೆಗೂ ಗವಸಿನೊಳಗೆ. ಗವಸಿನ ಮೇಲೆ ರಕ್ತ, ಹುರುಪೆ, ಕರುಳು. ಫೋನು ಬಡಿದುಕೊಂಡರೆ ಮುಟ್ಟುವ ಹಾಗಿಲ್ಲ. ಹತ್ತಿರದಲ್ಲಿರುವ ಕಾಫಿಯವಳು ಏಪ್ರನ್ ಜೇಬಿಗೆ ಕೈಹಾಕಿ ಫೋನು ತೆಗೆದು ಅವರ ಕಿವಿಗೆ ಹಿಡಿಯಬೇಕು. ಇದು ಪೇಟೆಯ ಹಳೇ ವಾಡಿಕೆ. ಯಾರ ಸೊಸೆ ಹೆತ್ತಳು, ಯಾರ ಮಗ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ, ಎಲ್ಲವನ್ನೂ ಮಾಲ್‌ಸುನ್ ಮೊದಲು ಕೇಳಿದ್ದು ಹೀಗೆ, ಒಂದು ಗೇಣು ದೂರದಿಂದ.

"ಮೊದ್ಲೆಲ್ಲ ಫೋನಲ್ಲಿ ‘ಅಮ್ಮಾ, ಊಟ ಆಯ್ತಾ’ ಅಂತ ಬರೋದು. ನಾಲ್ಕು ವರ್ಷದಿಂದ ‘ಏಯ್, ನಿನ್ ಮಗಳು ಓದೋ ಸ್ಕೂಲ್ ಗೊತ್ತು ನಂಗೆ’ ಅಂತ ಬರೋಕೆ ಶುರುವಾಯ್ತು. ಫೋನ್ ಅದೇ, ಕಿವಿ ಅದೇ. ಪಕ್ಕದಲ್ಲಿರೋ ಮುಖ ಮಾತ್ರ ಸುಣ್ಣ ಆಗೋದು. ನಾನು ಹಿಡ್ಕೊಂಡು ನಿಂತಿರ್ತಿದ್ನಲ್ಲ, ನನ್ ಕೈಯಾರೆ ವಿಷ ಕುಡಿಸ್ತಿದೀನಿ ಅನ್ನಿಸ್ತು. ಅವತ್ತಿಂದ ಅಂಥಾ ಫೋನ್ ನನ್ ಕಿವಿಗೇ ಇಟ್ಕೊಂಡೆ."

ಹೆಸರು ಆ್ಯಪ್, ಕಸುಬು ಆಪತ್ತು. ಬೆರಳಲ್ಲಿ ಒತ್ತಿದರೆ ಹತ್ತು ನಿಮಿಷದಲ್ಲಿ ಎರಡು ಲಕ್ಷ ವಾನ್ ಸಾಲ. ಅಡವು ಬೇಡ, ಜಾಮೀನು ಬೇಡ. ಫೋನಿನಲ್ಲಿರುವ ನಂಬರುಗಳನ್ನೆಲ್ಲ ಬಾಚಿಕೊಳ್ಳಲು ಬಿಡಬೇಕು. ಗುರುತಿನ ಚೀಟಿಯನ್ನೂ ‘ಇಷ್ಟು ಸಾಲ ಪಡೆದಿದ್ದೇನೆ’ ಎಂದು ಬರೆದ ಹಾಳೆಯನ್ನೂ ಎದೆಗೆ ಹಿಡಿದು ಫೋಟೋ ಕಳಿಸಬೇಕು, ಅಷ್ಟೇ. ವಾರದೊಳಗೆ ಮೂರೂವರೆ ಲಕ್ಷ ಕಟ್ಟಿ ತೀರಿಸಬೇಕು. ಒಂದು ದಿನ ತಪ್ಪಿದರೆ ಐದು. ಎಷ್ಟು ಕೊಟ್ಟರೂ ಸಾಲದು, ಅದಕ್ಕೇ ಅದು ಸಾಲ. ಆಮೇಲೆ ಆ ಫೋಟೋಕ್ಕೆ ಕೆಳಗೊಂದು ಹೊಲಸು ಸಾಲು ಸೇರಿಸಿ, ಬಾಚಿಕೊಂಡ ನಂಬರಿಗೆಲ್ಲ ಹಂಚುತ್ತಾರೆ.

ಮಾಲ್‌ಸುನ್ ಮದುವೆಗೆ ಮುಂಚೆ ಇದೇ ಊರಿನ ನೂಲಿನ ಗಿರಣಿಯಲ್ಲಿ ಎಂಟು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದವರು. ಉಸಿರು ಕೇಳಿದರೆ ಸಾಕು, ದನಿ ಯಾರದೆಂದು ಹೇಳಬಲ್ಲರು. ವಸೂಲಿಯವರು ನಂಬರು ಬದಲಿಸುತ್ತಾರೆ, ಹೆಸರು ಬದಲಿಸುತ್ತಾರೆ, ಗಂಟಲು ಬದಲಿಸಲಾರರು. ನೋಟ್‌ಬುಕ್ಕಿನಲ್ಲಿ ಅವರಿಗೆಲ್ಲ ಅಡ್ಡಹೆಸರಿದೆ: ಮಾತಿಗೊಮ್ಮೆ ಕೆಮ್ಮುವ ಕೆಮ್ಮಣ್ಣ, ಮೇಷ್ಟ್ರು, ಎಳ್ಳೆಣ್ಣೆ ಗಂಟಲು. ಕಟ್ಟೆಯ ಹೆಂಗಸರು ಕಾಫಿ ಕುಡಿಯುತ್ತ "ಎಳ್ಳೆಣ್ಣೆ ಹಾಕ್ರಿ ಅಕ್ಕಾ" ಎಂದರೆ, ಮಾಲ್‌ಸುನ್ ಕತ್ತು ವಾಲಿಸಿ, ಮೂಗಿನಿಂದ ಜೇನು ಸುರಿಸುತ್ತಾರೆ: "ಮಾನ್ಯ ಗ್ರಾಹಕರೇ, ತಮ್ಮ ಆರೋಗ್ಯ ಹೇಗಿದೆ? ತಮ್ಮ ತಾಯಿಯವರ ಆರೋಗ್ಯ ಹೇಗಿದೆ? ಹಾಗೇ ಇರ್ಲಿ ಅಂತ ಆಸೆ ಇದೆಯಾ?" ಹೆಂಗಸರು ಬಿದ್ದು ಬಿದ್ದು ನಗುತ್ತಾರೆ. ನಗುವವರಲ್ಲಿ ಇಬ್ಬರು ಅದೇ ದನಿಗೆ ಹಿಂದಿನ ವಾರ ಕಕ್ಕಸಿನಲ್ಲಿ ಕೂತು ಅತ್ತವರು.

ತುಂಬಿದ ನೋಟ್‌ಬುಕ್ಕುಗಳು ಹನ್ನೊಂದು. ಅವು ಪುಕ್ಕಟೆ ಕಾನೂನು ನೆರವಿನ ವಕೀಲೆಯೊಬ್ಬರ ಮೇಜಿಗೆ ಹೋಗುತ್ತವೆ. ಇದುವರೆಗೆ ಸಿಕ್ಕಿಬಿದ್ದವರು ಇಬ್ಬರು. "ಇಬ್ರೂ ಸಂಬಳಕ್ಕಿದ್ದ ಹುಡುಗ್ರು. ಒಬ್ಬನ ಮೇಲೆ ಅದೇ ಥರದ ಸಾಲ ಇತ್ತಂತೆ," ಎನ್ನುತ್ತಾರೆ ಮಾಲ್‌ಸುನ್. ಅದನ್ನು ಹೇಳುವಾಗ ಯಾರ ದನಿಯನ್ನೂ ಅನುಕರಿಸುವುದಿಲ್ಲ.

ಈ ಕೆಲಸದಲ್ಲಿ ಅವರಿಗೊಂದು ನಿಯಮವಿದೆ. ಫೋನನ್ನು ಎಂದೂ ಆಫ್ ಮಾಡಬಾರದು. ಈ ನಿಯಮ ಕಲಿಸಿದವನು ದಾಲ್‌ಸು.

ದಾಲ್‌ಸು ಐಸ್ ಹೊರುತ್ತಿದ್ದ ಮೂವತ್ತೊಂಬತ್ತರ ಆಳು. ಎರಡು ವರ್ಷದ ಹಿಂದೆ, ಕರೆಗಳ ಕಾಟ ತಾಳದೆ ಗಾಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟ. "ನಾನೇ ಹೇಳ್ದೆ, ‘ಆಫ್ ಮಾಡಿ ಡಬ್ಬೀಲಿ ಹಾಕೋ ಮಗಾ, ಎಷ್ಟು ದಿನ ಬಡ್ಕೋತಾರೆ ನೋಡೋಣ’ ಅಂತ. ಮೂರು ದಿನ ಚೆನ್ನಾಗಿ ಉಂಡ. ಸಿಳ್ಳೆ ಹಾಕ್ತಿದ್ದ." ಆ ಮೂರು ದಿನ ವಸೂಲಿಯವರು ಅವನ ನಂಬರುಗಳ ಪಟ್ಟಿ ಹಿಡಿದು ಹೊರಟಿದ್ದರು. ತಾಯಿಯ ಹೆಸರನ್ನು ಹೆಸರಾಗಿ ಬರೆದಿಟ್ಟುಕೊಳ್ಳುವ ಮಕ್ಕಳು ಇಲ್ಲಿಲ್ಲ. ಅವನೂ ‘ಅವ್ವ’ ಎಂದೇ ಬರೆದಿದ್ದ. ಕಳ್ಳನಿಗೆ ಬಾಗಿಲು ತೋರಿಸಲು ಅಷ್ಟು ಸಾಕು. ದ್ವೀಪದ ಹಳ್ಳಿಯಲ್ಲಿದ್ದ ಎಂಬತ್ತೊಂದರ ಅವ್ವನಿಗೆ, ಊರಿನ ಮುಖ್ಯಸ್ಥನಿಗೆ, ದೋಣಿಯ ಟಿಕೆಟ್ ಹರಿಯುವವನಿಗೆ, ಎಲ್ಲರಿಗೂ ಫೋಟೋ ಹೋಯಿತು. ಊರಿಗೆಲ್ಲ ಗೊತ್ತಿತ್ತು, ಅವನೊಬ್ಬನಿಗೆ ಗೊತ್ತಿರಲಿಲ್ಲ. ಮೂರನೇ ಸಂಜೆ ಊರಿನಿಂದ ಐಸ್ ಮನೆಯ ಆಫೀಸಿಗೆ ಕರೆ ಬಂತು: ನಿಮ್ಮವ್ವ ಎರಡು ದಿನದಿಂದ ಬಾಗಿಲು ತೆಗೆದಿಲ್ಲ.

ಮರುದಿನ ಬೆಳಿಗ್ಗೆ ಅವನು ಹೆಗಲಿಗೆ ಹಾಕಿಕೊಳ್ಳುತ್ತಿದ್ದ ಗೋಣಿತಟ್ಟು ಐಸ್ ಮನೆಯ ಬಾಗಿಲಲ್ಲಿ ಮಡಿಸಿಟ್ಟಿತ್ತು. ಅವನನ್ನು ಹುಡುಕಲು ದೋಣಿಗಳು ಹೋಗಬೇಕಾಯಿತು. ಅವ್ವ ಬದುಕಿಕೊಂಡಳು.

ಅಂದಿನಿಂದ ಮಾಲ್‌ಸುನ್ ಪೇಟೆಯವರ ಫೋನುಗಳಲ್ಲಿ ನೆಂಟರನ್ನೆಲ್ಲ ಮೀನು ಮಾಡಿದ್ದಾರೆ. ಅಮ್ಮ ಬಂಗುಡೆ, ಅತ್ತೆ ಏಡಿ, ಮಗಳ ಟೀಚರು ಬೊಂಡಾಸು. "ಯಾವ್ ಮೀನಿಗೆ ಹೆದರಿಸ್ತಾರೋ ಹೆದರಿಸ್ಲಿ." ಆಗಲೇ ಪಟ್ಟಿ ಕಳಕೊಂಡವರಿಗೆ ಮದ್ದು ಒಂದೇ: ಅವರಿಗಿಂತ ಮುಂಚೆ ನಾವೇ ಹೇಳಿಬಿಡುವುದು. "ಗುಟ್ಟು ಇರೋ ತನಕ ಅವರ ಕೈಲಿ ಚೂರಿ. ಹೇಳಿದ್ಮೇಲೆ ಬರೀ ಫೋಟೋ."

ಇಂದು ಹೇಳಬೇಕಾದವರು ಒಕ್‌ಬುನ್. ಐವತ್ತಾರು ವರ್ಷ, ಗಂಡನಿಲ್ಲ, ಕಟ್ಟೆಯ ಮೂರನೇ ಜಾಗದಲ್ಲಿ ಬಂಗುಡೆ ಸೀಳುತ್ತಾರೆ. ಮಗಳು ಯೂರಿಯ ಮದುವೆಗೆ ಇನ್ನು ಮೂರು ವಾರ. ಹೆಣ್ಣಿನ ಕಡೆಯವರು ಬೀಗರಿಗೆ ರೇಷ್ಮೆ ಹೊದಿಕೆ ಕಳಿಸದಿದ್ದರೆ ಹುಡುಗಿ ಜೀವನಪೂರ್ತಿ ಆ ಮಾತು ಹೊದ್ದು ಮಲಗಬೇಕು. ಆ ಹೊದಿಕೆಗೆಂದೇ ಒಕ್‌ಬುನ್ ಬೆರಳು ಒತ್ತಿದ್ದರು. ವಾರ ತಪ್ಪಿದೆ. ಬೆಳಿಗ್ಗೆ ಒಂಬತ್ತರೊಳಗೆ ಐದು ಲಕ್ಷ ಬಾರದಿದ್ದರೆ ಫೋಟೋ ಬೀಗಿತ್ತಿಗೆ ಹೋಗುತ್ತದೆಂದು ಎಚ್ಚರಿಕೆ ಬಂದಿದೆ. ಬೀಗಿತ್ತಿ ಯಾರೆಂದು ಅವರಿಗೆ ಹೇಗೆ ಗೊತ್ತು? ಹೊಸ ಬೀಗಿತ್ತಿಯನ್ನು ಮೀನು ಮಾಡಲು ಮನಸ್ಸು ಬಾರದೆ, ಫೋನಿನಲ್ಲಿ ಒಕ್‌ಬುನ್ ಮರ್ಯಾದೆಯಿಂದ ‘ಬೀಗಿತ್ತಿಯವರು’ ಎಂದೇ ಬರೆದುಕೊಂಡಿದ್ದರಲ್ಲ.

ಎಂಟೂಕಾಲು. ಮಾಲ್‌ಸುನ್ ಗಾಡಿಯನ್ನು ಮೂರನೇ ಜಾಗದ ಪಕ್ಕ ನಿಲ್ಲಿಸುತ್ತಾರೆ.

"ಯೂರಿಯಮ್ಮಾ, ಬೀಗಿತ್ತಿಗೆ ಫೋನ್ ಹಚ್ಲಾ?"

"ಇನ್ನೊಂದ್ ಬುಟ್ಟಿ ಮುಗೀಲಿ ಅಕ್ಕಾ."

ಎಂಟೂವರೆ. ಇನ್ನೊಂದು ಬುಟ್ಟಿ. ಎಂಟೂ ನಲವತ್ತು.

"ಅಕ್ಕಾ, ನನ್ ಕೈಲಾಗಲ್ಲ. ನೀವೇ ನನ್ ಥರ ದನಿ ಮಾಡಿ ಮಾತಾಡ್ಬಿಡಿ. ನಿಮ್ಗೆ ಬರುತ್ತಲ್ಲ."

"ಬರುತ್ತೆ. ನಿನ್ ಗಂಡ ಇದ್ದಿದ್ರೆ ಅವ್ನೂ ಮೋಸಹೋಗ್ತಿದ್ದ. ಮದುವೆ ಮನೇಲಿ ಆಮೇಲೆ ಮುಖ ತೋರಿಸೋರ್ಯಾರು, ನಾನಾ?"

"ಬೀಗಿತ್ತಿ ಏನು ಹುಲೀನಾ?" ಎನ್ನುತ್ತಾಳೆ ಪಕ್ಕದವಳು.

"ಹುಲಿ ಆಗಿದ್ರೆ ವಾಸಿ. ಕೈಲಿ ಚೂರಿ ಇದೆ, ಸೀಳ್ತಿದ್ದೆ."

ಮಾಲ್‌ಸುನ್ ನಂಬರು ಒತ್ತಿ ಒಕ್‌ಬುನ್ ಕಿವಿಗೆ ಹಿಡಿಯುತ್ತಾರೆ. ಗವಸಿನ ಕೈಯಲ್ಲಿ ಅರ್ಧ ಸೀಳಿದ ಬಂಗುಡೆ ಹಾಗೇ ಇದೆ.

"ಬೀಗಿತ್ತಿಯವರೇ, ಯೂರಿಯಮ್ಮ ಮಾತಾಡ್ತಿರೋದು... ಊಟ ಆಯ್ತಾ? ನಿಮ್ಗೆ ಕಳಿಸಿದ ಹೊದಿಕೆ... ಅದು ಸಾಲ ಮಾಡಿ ತಂದಿದ್ದು. ಕೆಟ್ಟ ಜನದ ಹತ್ರ. ನನ್ ಫೋಟೋ ನಿಮ್ಗೆ ಕಳಿಸ್ತಾರಂತೆ. ಕೆಳಗೆ ಏನೇನೋ ಬರೆದಿರ್ತಾರೆ. ಅದು ನಿಜ ಅಲ್ಲ. ಸಾಲ ಮಾಡಿದ್ದು ಮಾತ್ರ ನಿಜ."

ಕಟ್ಟೆಯಲ್ಲಿ ಒಂದು ಚೂರಿಯೂ ಆಡುತ್ತಿಲ್ಲ.

"ಬಂತು," ಎನ್ನುತ್ತದೆ ಆ ಕಡೆಯ ದನಿ. "ನಿನ್ನೆ ಸಂಜೇನೇ ಬಂತು."

ಒಕ್‌ಬುನ್ ಕೈಯಿಂದ ಮೀನು ಜಾರುತ್ತದೆ.

"ನಮ್ ಮಗನಿಗೆ ತೋರಿಸಿಲ್ಲ. ನಿಮ್ ಬಾಯಿಂದ ಬರುತ್ತೋ ಇಲ್ವೋ ಅಂತ ಕಾಯ್ತಿದ್ದೆ. ರಾತ್ರಿ ನಿದ್ದೆ ಬರ್ಲಿಲ್ಲ. ಹೊದಿಕೆ ವಾಪಸ್ ಕಳಿಸ್ತೀನಿ, ಇನ್ನೂ ಗಂಟು ಬಿಚ್ಚಿಲ್ಲ. ಅಂಗಡಿಗೆ ಕೊಟ್ಟು ಸಾಲ ತೀರಿಸ್ಕೊಳ್ಳಿ. ಮದುವೆ ವಿಷ್ಯ ಹುಡುಗ್ರು ಕೂತು ಮಾತಾಡ್ಲಿ. ನಾನು ಬೇಕು ಅನ್ನಲ್ಲ, ಬೇಡ ಅನ್ನಲ್ಲ. ಇಡ್ತೀನಿ."

ಹೊದಿಕೆ ವಾಪಸ್ ಬರುವುದೆಂದರೆ ಇಲ್ಲಿ ಸಂಬಂಧ ಮುರಿದ ಹಾಗೆ ಎಂದು ಕಟ್ಟೆಯಲ್ಲಿರುವ ಎಲ್ಲರಿಗೂ ಗೊತ್ತು. ಒಕ್‌ಬುನ್ ಕಣ್ಣೊರೆಸಿಕೊಳ್ಳುವ ಹಾಗಿಲ್ಲ, ಕೈಯೆಲ್ಲ ಮೀನು. ಮಾಲ್‌ಸುನ್ ತಮ್ಮ ತೋಳಿನಿಂದ ಒರೆಸುತ್ತಾರೆ.

"ಸಂಜೆ ಯೂರಿಗೂ ಹೇಳು. ಅವ್ಳು ಹುಡುಗನಿಗೆ ಹೇಳ್ಲಿ. ತಗೊಂಡಿದ್ದಷ್ಟನ್ನ ವಕೀಲಮ್ಮನ ಮೂಲಕ ಕಟ್ಟು. ಅದರ ಮೇಲೆ ಒಂದು ವಾನ್ ಕೊಡಕೂಡ್ದು."

ಒಂಬತ್ತಕ್ಕೆ ಸರಿಯಾಗಿ ಅದೇ ಫೋನು ಅದುರುತ್ತದೆ. ಎಳ್ಳೆಣ್ಣೆ ಗಂಟಲು. ಮಾಲ್‌ಸುನ್ ಎತ್ತುತ್ತಾರೆ.

"ಕಳಿಸ್ತೀನಿ ಅಂತೀಯಾ? ನಿನ್ನೇನೇ ಕಳಿಸಿದ್ಯಲ್ಲಪ್ಪಾ. ಅವ್ರು ನೋಡಾಯ್ತು, ನಾವು ಹೇಳಾಯ್ತು. ಇನ್ನೇನಿದೆ ನಿನ್ನ ಹತ್ರ?"

ಆ ಕಡೆಯವನು ಹೊಲಸು ಮಾತೊಂದನ್ನು ಉಗಿದು ಫೋನು ಇಡುತ್ತಾನೆ. ಪೆನ್ಸಿಲ್ ಕೆಳಗಿಳಿಯುತ್ತದೆ.

ಹನ್ನೊಂದಕ್ಕೆ ಕಟ್ಟೆ ತೊಳೆದು ಹೆಂಗಸರು ಗವಸು ಕಳಚುತ್ತಾರೆ. ಕೈ ಒಣಗಿದವರು ಬಂದು ಫೋನು ಒಯ್ಯುತ್ತಾರೆ. ಆರು ಹೋಗುತ್ತವೆ. ಏಳನೆಯದಕ್ಕೆ ಯಾರೂ ಬರುವುದಿಲ್ಲ. ಅದರ ಬೆನ್ನ ಮೇಲಿನ ಚೀಟಿಯಲ್ಲಿ ‘ದಾಲ್‌ಸು’ ಎಂದಿದೆ.

ಅದರ ತಿಂಗಳ ಬಿಲ್ಲನ್ನು ಮಾಲ್‌ಸುನ್ ಎರಡು ವರ್ಷದಿಂದ ಕಟ್ಟುತ್ತಿದ್ದಾರೆ. ಹನ್ನೊಂದು ಲೋಟ ಕಾಫಿಯ ದುಡ್ಡು. ಅವನ ಹೆಸರಿರುವ ಪಟ್ಟಿ ಒಂದು ಗುಂಪಿನಿಂದ ಇನ್ನೊಂದಕ್ಕೆ ಮಾರಾಟವಾಗುತ್ತ ಬಂದಿದೆ. ಕೊಂಡವರಿಗೆ ಅವನಿಲ್ಲವೆಂದು ಗೊತ್ತಿಲ್ಲ. ಮೊದಲ ತಿಂಗಳು ಒಬ್ಬನಿಗೆ ಇವರು ನಿಜ ಹೇಳಿದ್ದರು. "‘ಸತ್ತೋದ ಕಣಪ್ಪಾ’ ಅಂದೆ. ‘ಹಾಗಾದ್ರೆ ಸಾವಿಗೆ ಬಂದೋರು ಕೊಟ್ಟ ಮುಯ್ಯಿ ದುಡ್ಡು ಇರುತ್ತಲ್ಲ, ಅವರಮ್ಮನ್ನೇ ಕೇಳ್ತೀವಿ’ ಅಂದ. ಅವತ್ತು ಆ ಮುದುಕಿಗೆ ಒಂಬತ್ತು ಸಲ ಫೋನ್ ಹೋಗಿದೆ. ಆಮೇಲಿಂದ ನಾನು ನಿಜ ಹೇಳೋದು ಬಿಟ್ಟೆ. ಈ ಫೋನ್ ಎತ್ತೋರು ಇರೋ ತನಕ ಅವ್ಳ ಫೋನ್ ಸುಮ್ನಿರುತ್ತೆ."

ಅವ್ವನಿಗೀಗ ಎಂಬತ್ಮೂರು. ನಿಮಗೇನು ಬೇಕು ಎಂದು ಕೇಳಿದರೆ ಮಾಲ್‌ಸುನ್ ಫ್ಲಾಸ್ಕಿನ ತಳದ ನೀರು ಚೆಲ್ಲುತ್ತ ಯೋಚಿಸುತ್ತಾರೆ.

"ನಂಗೇನ್ ಬೇಕು... ಅವ್ಳಿಗಿಂತ ಒಂದೇ ಒಂದ್ ದಿನ ಜಾಸ್ತಿ ಬದುಕಿದ್ರೆ ಸಾಕು."

ಡಬ್ಬಿ ಅದುರುತ್ತದೆ. ಒಂಟಿ ಏಡಿ. ಮಾಲ್‌ಸುನ್ ಗಂಟಲು ಸರಿಮಾಡಿಕೊಂಡು ಎತ್ತುತ್ತಾರೆ.

"ಹಲೋ... ಹೂಂ, ದಾಲ್‌ಸು ಫೋನೇ. ಇಲ್ಲೇ ಇದ್ದಾನೆ, ಐಸ್ ಹೊರ್ತಿದ್ದಾನೆ, ಕೈ ಒದ್ದೆ. ಅದೇನು ಹೇಳ್ಬೇಕೋ ನಂಗೇ ಹೇಳಪ್ಪಾ."