ಅಪ್ಪನ ಗೇಜಿಗೆ ಪಾಸಾದ ಕ್ಯಾಸೆಟ್

ಬೀರು ಒರೆಸುವಾಗ ಅಪ್ಪನ ಹಳೇ ಗೇಜ್, ಅಂದರೆ ತೂತಿನ ಅಳತೆ ನೋಡುವ ಉಕ್ಕಿನ ಕಡ್ಡಿ, ಸಿಕ್ಕಿತು. ಇನ್ನೂ ಗ್ರೀಸಿನ ವಾಸನೆ ಹೋಗಿಲ್ಲ. ಪೀಣ್ಯದ ಕಾರ್ಖಾನೆಯಲ್ಲಿ ಅಪ್ಪ ತೂತು ಕೊರೆದ ಪೀಸುಗಳನ್ನು ಪರೀಕ್ಷಿಸುತ್ತಿದ್ದರು. ಗೇಜಿನ ಒಂದು ತುದಿ ತೂತಿನೊಳಗೆ ಹೋಗಬೇಕು, ಕೂದಲೆಳೆಯಷ್ಟು ದಪ್ಪಗಿರುವ ಇನ್ನೊಂದು ತುದಿ ಹೋಗಬಾರದು. ಆಗ ಮಾತ್ರ ಪೀಸು ಪಾಸು.

ಹೈಸ್ಕೂಲಿಗೆ ಇಂಗ್ಲಿಷ್ ಮೀಡಿಯಂ ಸೇರಿದ ನಾನು ಪಾಠ ಅರ್ಥವಾಗದೆ ದಿನಾ ಅತ್ತುಕೊಂಡು ಬರುತ್ತಿದ್ದೆ. ಇಂಗ್ಲಿಷಿನ ಗಂಧವೇ ಇಲ್ಲದ ಅಪ್ಪ ಒಂದು ಭಾನುವಾರ ಮೂರು ಕ್ಯಾಸೆಟ್ ತಂದು, "ಎರಡು ನಿಮಿಷ ಕೇಳು, ಆಮೇಲೆ ಕನ್ನಡದಲ್ಲಿ ಹೇಳು" ಅಂದರು.

ಮೊದಲನೆಯದು ಯಾರದೋ ಭಾಷಣ. ಒಂದು ಮಾತೂ ತಿಳಿಯಲಿಲ್ಲ. "ಒಳಗೇ ಹೋಗ್ಲಿಲ್ಲ. ರಿಜೆಕ್ಟ್" ಅಂದರು ಅಪ್ಪ.

ಎರಡನೆಯದು ಶಿಶುಗೀತೆ. ಪೂರ್ತಿ ಹೇಳಿ ಬೀಗಿದೆ. "ಎರಡೂ ತುದಿ ಹೋಗ್ಬಿಡ್ತಲ್ಲಮ್ಮ. ಇದೂ ರಿಜೆಕ್ಟ್."

ಮೂರನೆಯದು ಕಳ್ಳನ ಕಥೆ. ಅವನು ಮನೆಗೆ ನುಗ್ಗಿದ್ದು ತಿಳಿಯಿತು, ಸಿಕ್ಕಿಬಿದ್ದದ್ದು ಹೇಗೆಂದು ತಿಳಿಯಲಿಲ್ಲ. "ಇದು ಪಾಸು. ಅವ್ನು ಹೆಂಗೆ ಸಿಕ್ಕಾಕ್ಕೊಂಡ ಅಂತ ಗೊತ್ತಾಗೋವರೆಗೂ ಕೇಳು" ಅಂದರು. ಹನ್ನೊಂದು ಸಲ ಕೇಳಿದೆ. ಕೇಳುವುದಕ್ಕೆ ಏನನ್ನು ಆರಿಸಬೇಕೆಂದು ಇದಕ್ಕಿಂತ ಚೆನ್ನಾಗಿ ನನಗೆ ಯಾವ ಮೇಷ್ಟ್ರೂ ಹೇಳಿಕೊಟ್ಟಿಲ್ಲ.

ಈಗ ಪಕ್ಕದಲ್ಲಿ ಮಗಳು ಮೊಬೈಲಿನಲ್ಲಿ ಫ್ರೆಂಚ್ ಪಾಠ ಕೇಳುತ್ತಿದ್ದಾಳೆ. "ಅಮ್ಮಾ, ಇದು ಸಕ್ಕತ್ತಾಗಿದೆ. ಒಂದೊಂದು ಮಾತೂ ಅರ್ಥ ಆಗ್ತಿದೆ" ಅಂದಳು.

ಗೇಜನ್ನು ಅವಳ ಮುಂದಿಟ್ಟೆ. "ರಿಜೆಕ್ಟ್ ಕಣೇ."