‘ನಾನು’ ಅನ್ನುವುದನ್ನು ಕಲಿಸಿದ್ದು

ಪಿಎಚ್‌ಡಿ ಇಲ್ಲದ ನಾನು ಪಿಎಚ್‌ಡಿಗೆ ಮಕ್ಕಳನ್ನು ತಯಾರು ಮಾಡುತ್ತೇನೆ. ಕಡೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುವ ಕೆಲಸ ನನ್ನದು. ಬಿ.ಎಸ್ಸಿ. ಮುಗಿಸಿ ನೇರವಾಗಿ ಸಂಶೋಧನೆಗೆ ಸೇರಬೇಕೆನ್ನುವವರಿಗೆ ಭಾನುವಾರ ಬೆಳಿಗ್ಗೆ ಲ್ಯಾಬಿನ ಬೀಗ ತೆಗೆಸುತ್ತೇನೆ. ಸಿಂಗಟಗೆರೆಯಿಂದ ಬಸ್ಸಿಗೆ ಬರುವ ರೈತರ ಮಗ, ತರೀಕೆರೆಯ ಬೌದ್ಧರ ಮನೆಯ ಹುಡುಗಿ, ಅಜ್ಜಂಪುರದಿಂದ ರೈಲಿಗೆ ಬರುವ, ಮನೆಯಲ್ಲಿ ದಖನಿ ಉರ್ದು ಮಾತಾಡುವ ಇನ್ನೊಬ್ಬಳು. ಇಂಥವರೇ. ಸೂಜಿ ಚುಚ್ಚದ ಡಾಕ್ಟರಾಗಿ ಏನು ಮಾಡ್ತೀಯಾ ಎಂದು ಅವರನ್ನು ಮನೆಯಲ್ಲಿ ಕೇಳುವವರಿದ್ದಾರೆ.

ನಾನೂ ಒಮ್ಮೆ ಪಿಎಚ್‌ಡಿಗೆ ಸೇರಿ ಅರ್ಧಕ್ಕೇ ಬಿಟ್ಟವಳೇ. ವಿಷಯ ಗೈಡ್ ಕೊಟ್ಟದ್ದು. ಅದರ ಮೇಲೆ ನನಗೆ ಪ್ರೀತಿ ಹುಟ್ಟಲಿಲ್ಲ. ‘ನಿಮಗೇ ಏನಾದರೂ ಹೊಳೆದಿದ್ದರೆ ಹೇಳಿ’ ಎಂದು ಅವರು ಕೇಳಿದ್ದೂ ಉಂಟು. ಏನೂ ಹೊಳೆದಿರಲಿಲ್ಲ. ಆ ನೋವು ಮಾಸಿದೆ ಎಂದುಕೊಂಡಿದ್ದೆ, ಅಜ್ಜಂಪುರದ ಹುಡುಗಿ ಬಾಯಿ ತೆರೆಯುವವರೆಗೆ.

ಅವಳ ಅಪ್ಪ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತುವವರು. ರಜೆಯಲ್ಲಿ ಅವರ ಬೈಕಿನ ಹಿಂದೆ ಕೂತು ಇವಳೂ ಹಳ್ಳಿ ಸುತ್ತುತ್ತಿದ್ದಳು. ಒಂದು ಭಾನುವಾರ ಬಂದವಳೇ ಕೇಳಿದಳು, ‘ಮೇಡಂ, ಯಗಟಿ ಹತ್ರ ಕುರಿಮಂದೆ ನಿಂತಿದ್ದ ಹೊಲದಲ್ಲಿ ಒಂದು ಕಳೆಗಿಡ ಎದ್ದೈತೆ. ಬದು ದಾಟಿದ್ರೆ ಅದು ಇಲ್ಲ. ಅದ್ರ ಬೀಜ ಕುರಿ ಹೊಟ್ಟೇಲಿ ಬಂದಿರ್ಬೋದಾ? ಎಲ್ಲೋ ಮೇಯ್ದಿದ್ದು ಇಲ್ಲಿ ಹುಟ್ಟಿರ್ಬೋದಾ?’

ಯಗಟಿ ನನ್ನೂರು. ಉಳುವ ಮುಂಚೆ ಹೊಲದಲ್ಲಿ ಕುರಿಮಂದೆ ನಿಲ್ಲಿಸಿ, ಹಿಕ್ಕೆ ಗಂಜಲವನ್ನೆಲ್ಲ ಗೊಬ್ಬರವಾಗಿ ಬಿಡಿಸಿಕೊಳ್ಳುವುದು ನಮ್ಮ ಕಡೆಯ ರೂಢಿ. ನಮ್ಮಪ್ಪನ ಹೊಲದಲ್ಲೂ ನಿಲ್ಲಿಸುತ್ತಿದ್ದರು. ಆಮೇಲೆ ಎದ್ದ ಕಳೆಯನ್ನು ಸೊಂಟ ಬಗ್ಗಿಸಿ ಕಿತ್ತವಳು ನಾನು, ಶಾಪ ಹಾಕಿದವಳೂ ನಾನು. ಅದು ಎಲ್ಲಿಂದ ಬಂತು ಎಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನನ್ನ ಹಿತ್ತಲ ಗಿಡವನ್ನು ಅಜ್ಜಂಪುರದವಳು ಬಂದು ಕಿತ್ತುಕೊಂಡು ಹೋದಳಲ್ಲ ಎಂದು ಹೊಟ್ಟೆ ಉರಿಯಿತು. ಉರಿಯಿತು ಎಂದರೆ ನಿಜವಾಗಿ ಉರಿಯಿತು. ಅವತ್ತು ಊಟ ಸೇರಲಿಲ್ಲ.

ಆದರೂ ಕಲಿಸಿದೆ. ಹಿಕ್ಕೆ ಆರಿಸಿ ತರಿಸಿದೆ, ಬೇರೆ ಬೀಜ ಉಳಿಯದಂತೆ ಕಾಯಿಸಿದ ಮಣ್ಣು ತುಂಬಿದ ಕುಂಡದಲ್ಲಿ ಹಾಕಿಸಿದೆ, ಹಿಕ್ಕೆ ಹಾಕದ ಕುಂಡಗಳನ್ನೂ ಪಕ್ಕದಲ್ಲಿಡಿಸಿದೆ. ಹಿಕ್ಕೆಯ ಕುಂಡದಲ್ಲಿ ಮಾತ್ರ ಆ ಕಳೆ ಚಿಗುರಿತು. ಅವಳು ಕುಣಿದಾಡಿದಳು. ನಾನೂ ಚಪ್ಪಾಳೆ ತಟ್ಟಿದೆ, ಒಳಗೊಳಗೇ ಒಂದು ಕುಂಡವಾದರೂ ಒಣಗಬಾರದಿತ್ತೇ ಎಂದುಕೊಂಡೆ.

ಸಂದರ್ಶನದ ಅಭ್ಯಾಸ ಶುರುವಾದಾಗ ತೊಂದರೆ ಬಂತು. ನಮ್ಮ ಕಡೆಯ ಮಕ್ಕಳು ‘ನಾನು’ ಅನ್ನುವುದಿಲ್ಲ. ಕಂಡಿದ್ದು ಅವರೇ, ಮಾಡಿದ್ದು ಅವರೇ, ಕೇಳಿದರೆ ಮಾತ್ರ ‘ಮೇಷ್ಟ್ರು ಹೇಳಿಕೊಟ್ಟರು’ ಎನ್ನುತ್ತಾರೆ. ಗುರುವಿನ ಮುಂದೆ ನಾನು ಎಂದರೆ ಸೊಕ್ಕು ಎಂದು ಮನೆಯಲ್ಲೇ ಕಲಿಸಿರುತ್ತಾರೆ. ಸಂದರ್ಶನ ಮಾಡುವವರಿಗೆ ಇದು ಮರ್ಯಾದೆ ಎಂದು ತಿಳಿಯುವುದಿಲ್ಲ. ಸ್ವಂತ ಬುದ್ಧಿ ಇಲ್ಲದವರು ಎಂದು ಬರೆದುಕೊಳ್ಳುತ್ತಾರೆ. ಸಿಂಗಟಗೆರೆಯ ಹುಡುಗನಿಗೆ ಹೋದ ವರ್ಷ ಸೀಟು ತಪ್ಪಿದ್ದು ಇದರಿಂದಲೇ.

ನಾನು ಸಂದರ್ಶನ ಮಾಡುವವಳಂತೆ ಕೂತು ಅಜ್ಜಂಪುರದವಳನ್ನು ಕೇಳಿದೆ, ‘ಯಾರದು ಈ ಪ್ರಶ್ನೆ?’

‘ನಮ್ ಮೇಡಂದು.’

ಕೇಳಲು ಎಷ್ಟು ಹಿತವಾಗಿತ್ತು! ಇನ್ನೊಮ್ಮೆ ಹೇಳಲಿ ಎನ್ನಿಸಿತು. ಆದರೆ ಈ ಉತ್ತರ ಅಲ್ಲಿ ಹೇಳಿದರೆ ಸೀಟು ಹೋಯಿತು ಎಂದೇ ಲೆಕ್ಕ. ‘ನನ್ನ ಹೆಸ್ರು ಎತ್ತಬೇಡ ಕಣೇ. ನಾನು ಅನ್ನು. ನಾನೇ ನೋಡ್ದೆ ಅನ್ನು’ ಎಂದು ಗದರಿದೆ.

‘ಅಹಂಕಾರ ಅನ್ಕೊಳಲ್ವಾ ಮೇಡಂ?’

‘ಅನ್ಕೊಳ್ಳಲಿ ಬಿಡು.’

ವಾರವಾರವೂ ಅದೇ ಪಾಠ. ನಾಲಿಗೆ ತಿರುಗುವವರೆಗೆ ಬಿಡಲಿಲ್ಲ.

ಸಂದರ್ಶನ ಆನ್‌ಲೈನ್ ಇತ್ತು. ಅಜ್ಜಂಪುರದ ಅವಳ ಮನೆಯಲ್ಲಿ ನೆಟ್‌ವರ್ಕ್ ನಂಬುವ ಹಾಗಿರಲಿಲ್ಲ, ಅದಕ್ಕೆ ನಮ್ಮ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲೇ ಕೂರಿಸಿದೆ. ನಾನು ಬಾಗಿಲ ಹೊರಗೆ ಬೆಂಚಿನ ಮೇಲೆ. ಮಾತೆಲ್ಲ ಇಂಗ್ಲಿಷಿನಲ್ಲಿ, ಎಲ್ಲವೂ ಕೇಳಿಸುತ್ತಿತ್ತು.

ಈ ಪ್ರಶ್ನೆ ಕೊಟ್ಟವರು ಯಾರು ಎಂದು ಒಬ್ಬರು ಕೇಳಿದರು. ‘ಯಾರೂ ಅಲ್ಲ ಸರ್. ನಾನೇ ನೋಡಿದೆ, ನಾನೇ ಕೇಳಿಕೊಂಡೆ’ ಎಂದಳು. ದನಿ ನಡುಗಲಿಲ್ಲ. ಪ್ರಯೋಗಕ್ಕೆ ಯಾರಾದರೂ ನೆರವಾದರೇ ಎಂದು ಇನ್ನೊಬ್ಬರು ಕೇಳಿದರು. ನಾನು ಬೆಂಚಿನ ಮೇಲೆ ನೆಟ್ಟಗೆ ಕೂತೆ. ಈಗ ಹೇಳಬಹುದು, ಈಗ ಹೇಳಿದರೆ ಏನೂ ಕೆಡುವುದಿಲ್ಲ, ಒಂದೇ ಒಂದು ಸಲ ಹೇಳಲಿ ಎಂದು ನನ್ನ ಜೀವ ಬಾಯಿಗೆ ಬಂದಿತ್ತು.

‘ನಮ್ಮ ತಂದೆ ಬೈಕಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು’ ಎಂದಳು.

ಅವರೆಲ್ಲ ನಕ್ಕರು, ಸಂತೋಷದ ನಗು. ಆ ಹೊಲವನ್ನು ನಮಗೂ ತೋರಿಸಬೇಕು ನೀವು ಎಂದರು ಹಿರಿಯರೊಬ್ಬರು. ಸೀಟು ಅಲ್ಲಿಗೆ ಗಟ್ಟಿಯಾಯಿತೆಂದು ನನಗೆ ಅರ್ಥವಾಯಿತು. ಮುಂದೆ ಆಯ್ಕೆಪಟ್ಟಿಯಲ್ಲೂ ಅವಳ ಹೆಸರು ಬಂತು. ನಮ್ಮೂರಿನ ಹೊಲ ನೋಡಲು ದೊಡ್ಡ ವಿಜ್ಞಾನಿಗಳು ಬರುತ್ತಾರಂತೆ, ಅವಳ ಜೊತೆ! ಗೆದ್ದಳಲ್ಲ ಎಂಬ ಸಂತೋಷವೂ ಇತ್ತು, ಇಲ್ಲ ಎನ್ನುವುದಿಲ್ಲ. ಅದಕ್ಕಿಂತ ಕಿಚ್ಚೇ ಹೆಚ್ಚಾಗಿತ್ತು.

ಸಂದರ್ಶನ ಮುಗಿಸಿ ಬಾಗಿಲು ತೆಗೆದು ಹೊರಗೆ ಬಂದಳು. ಮುಖವೆಲ್ಲ ಬೆವರು, ಕಣ್ಣು ಮಾತ್ರ ಹೊಳೆಯುತ್ತಿತ್ತು. ಬಂದವಳೇ ನನ್ನ ಕೈ ಹಿಡಿದುಕೊಂಡಳು.

‘ಸರಿಯಾಗಿ ಹೇಳಿದ್ನಾ ಮೇಡಂ? ಬಾಯಿಗೆ ಬಂದ್ಬಿಡ್ತಿತ್ತು, ಹಲ್ಲು ಕಚ್ಕೊಂಡು ತಡ್ಕೊಂಡೆ. ನಿಮ್ ಹೆಸ್ರು ಎಲ್ಲೂ ಬರದಂಗೆ ನೋಡ್ಕೊಂಡೆ.’